ಮೂವತ್ತೊಂದನೇ ನಂಬರಿನ ಅಜ್ಜಿ

ಹಾಜರಮ್ಮನಿಗೆ ಆ ಹೆಸರು ಇಟ್ಟವರು ಶಾಲೆಯ ಮಕ್ಕಳು. ಇಪ್ಪತ್ತಾರು ವರ್ಷ ಒಂದೇ ಶಾಲೆಯ ಕಚೇರಿಯಲ್ಲಿ, ಒಂದೇ ಕಿಟಕಿಯ ಹಿಂದೆ ಕೂತು ಹಾಜರಿ ಪುಸ್ತಕ ನೋಡಿಕೊಂಡವಳಿಗೆ ಬೇರೆ ಯಾವ ಹೆಸರು ತಾನೇ ಅಂಟಿಕೊಳ್ಳಬೇಕು? ಬೆಳಗ್ಗೆ ಒಂಬತ್ತೂವರೆಗೆ ಫೋನು ಹೊಡೆದುಕೊಳ್ಳುತ್ತಿತ್ತು. ಗಂಟಲು ದಪ್ಪ ಮಾಡಿಕೊಂಡ ಯಾವನೋ ಪೋರ, "ನಾನು ಹುಡುಗನ ತಂದೆ ಮಾತಾಡೋದು, ನಮ್ಮ ಹುಡುಗನಿಗೆ ಹೊಟ್ಟೆನೋವು," ಅನ್ನುತ್ತಿದ್ದ. "ಆಯ್ತು ತಂದೆಯವರೇ, ಹಿಂದುಗಡೆ ನಗ್ತಿರೋ ನಿಮ್ಮ ತಮ್ಮನನ್ನೂ ಕರ್ಕೊಂಡು ಹತ್ತು ನಿಮಿಷದಲ್ಲಿ ಶಾಲೆಗೆ ಬನ್ನಿ," ಎಂದು ಫೋನು ಇಡುವುದು ಅವಳ ದಿನದ ಮೊದಲ ಸಂತೋಷ. ನಕಲಿ ಅಪ್ಪಂದಿರು, ನಕಲಿ ಅಮ್ಮಂದಿರು, ಒಮ್ಮೆ ನಕಲಿ ದಂತವೈದ್ಯರು ಕೂಡ ಅವಳ ಕೈಗೆ ಸಿಕ್ಕಿಬಿದ್ದಿದ್ದರು. ನನ್ನ ಕಿವಿಗೆ ಹೂವಿಡೋರು ಇನ್ನೂ ಹುಟ್ಟಿಲ್ಲ ಎಂದು ಅವಳು ಹೇಳಿಕೊಳ್ಳದ ಮದುವೆಮನೆಯಿಲ್ಲ, ಬಸ್ಸಿಲ್ಲ.

ಹುಟ್ಟಿದ್ದರು. ಹುಟ್ಟಿ ಹನ್ನೊಂದು ವರ್ಷವೂ ಆಗಿತ್ತು. ಹಾಜರಮ್ಮನಿಗೆ ಗೊತ್ತಿರಲಿಲ್ಲ, ಅಷ್ಟೇ.

ಆ ವರ್ಷ ರೋಗ ಬಂದು ಶಾಲೆಗೆ ಬೀಗ ಬಿತ್ತು. ಮಕ್ಕಳಿಗೆ ಮೊದಲ ವಾರ ಹಬ್ಬ. ಆಮೇಲೆ ಅವರಿಗೂ ಸಾಕಾಯಿತು. ದೊಡ್ಡವರ ತಲೆನೋವು ಬೇರೆಯೇ. ಶಾಲೆ ಇದ್ದಾಗ ಪ್ರತಿ ಮಗುವನ್ನೂ ದಿನಕ್ಕೊಂದು ಸಲ ಯಾರಾದರೂ ಕಣ್ಣಿಟ್ಟು ನೋಡುತ್ತಿದ್ದರು. ಹಸಿದು ಬಂದವನು ಯಾರು, ಮೈಮೇಲೆ ಬಾಸುಂಡೆ ಇರುವವಳು ಯಾರು, ಮೂರು ದಿನದಿಂದ ಅದೇ ಅಂಗಿ ಹಾಕಿದವರು ಯಾರು ಎನ್ನುವುದೆಲ್ಲ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿತ್ತು. ಈಗ ಎಲ್ಲ ಬಾಗಿಲೂ ಮುಚ್ಚಿವೆ. ಒಳಗೆ ಏನು ನಡೆಯುತ್ತಿದೆ ಎಂದು ಯಾರಿಗೆ ಗೊತ್ತು? ಹಾಗಾಗಿ ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ, ಮಕ್ಕಳ ಕಲ್ಯಾಣ ಕಚೇರಿ ನಾಲ್ಕೂ ಕೈಜೋಡಿಸಿ ಒಂದು ಜಂಟಿ ಸಮಿತಿ ಮಾಡಿಕೊಂಡವು. ನಿಗಾ ಬೇಕಾದ ಮಕ್ಕಳಿರುವ ನಲವತ್ತಮೂರು ಮನೆಗಳ ಪಟ್ಟಿಯೂ ತಯಾರಾಯಿತು.

ಕೆಲಸ ಮಾಡುವ ಕ್ರಮ ಹೀಗೆ. ಎಲ್ಲರೂ ಎಲ್ಲ ಮನೆಗೂ ಫೋನು ಮಾಡಿದರೆ ಜನರಿಗೆ ರೇಜಿಗೆ. ಅದಕ್ಕೆ ಸೋಮವಾರ ಶಾಲೆಯ ಫೋನು, ಗುರುವಾರ ಪೊಲೀಸರ ಭೇಟಿ. ಒಬ್ಬರು 'ಕ್ಷೇಮ' ಎಂದು ಗುರುತು ಹಾಕಿದರೆ ಉಳಿದವರು ನಂಬಬೇಕು. ಆಸ್ಪತ್ರೆಯದು ಬೇರೆ ಕೆಲಸ: ದಾಖಲಾದ ಪ್ರತಿ ರೋಗಿಯನ್ನೂ, ಮನೆಯಲ್ಲಿ ಮಕ್ಕಳಿದ್ದಾರೆಯೇ, ಅವರನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು. ಸೋಮವಾರ ಹನ್ನೊಂದಕ್ಕೆ ಎಲ್ಲರೂ ಪರದೆಯ ಮೇಲೆ ಸೇರಿ ಪಟ್ಟಿ ಓದುವುದು.

ಈ ಕ್ರಮದ ಮೇಲೆ ಅಧ್ಯಕ್ಷರು ಒಂದು ನಿಯಮ ಕೂರಿಸಿದ್ದರು. ಅಧ್ಯಕ್ಷರೆಂದರೆ ಕಲ್ಯಾಣ ಕಚೇರಿಯ ಹಿರಿಯ ಅಧಿಕಾರಿ. ಒಳ್ಳೆಯ ಮನುಷ್ಯ, ನಿಯಮವಿಲ್ಲದೆ ನೀರೂ ಕುಡಿಯದವರು. ಪ್ರತಿ ಸಭೆಯ ಮೊದಲ ಐದು ನಿಮಿಷ ಮೈಕು ಹಾಕದೆಯೇ ಭಾಷಣ ಮಾಡಿ, ಎಲ್ಲರೂ ಕೈಸನ್ನೆ ಮಾಡಿದ ಮೇಲೆ ಮೊದಲಿಂದ ಶುರು ಮಾಡುತ್ತಿದ್ದರು. ಅವರ ನಿಯಮ ಏನೆಂದರೆ, ಸಭೆಯಲ್ಲಿ ಯಾರ ಹೆಸರನ್ನೂ ಎತ್ತಕೂಡದು. ಮನೆಮನೆಯಲ್ಲಿ ಕೂತು ಮಾಡುವ ಸಭೆ, ಯಾರ ಗಂಡ ಯಾರ ಅತ್ತೆ ಬಾಗಿಲ ಸಂದಿಯಲ್ಲಿ ಕಿವಿ ಇಟ್ಟಿರುತ್ತಾರೋ! ಆದ್ದರಿಂದ ಮಕ್ಕಳ ಮನೆಗೆ ಪಟ್ಟಿಯ ನಂಬರು, ರೋಗಿಗೆ ಹಾಸಿಗೆಯ ನಂಬರು. ಊರ ಗುಟ್ಟನ್ನು ಊರಿಂದ ಕಾಪಾಡುವುದು ಸರಿಯೇ. ಆದರೆ ಈ ನಾಲ್ವರು ಗುಟ್ಟನ್ನು ತಮ್ಮತಮ್ಮೊಳಗೂ ಕಾಪಾಡಿಕೊಂಡುಬಿಟ್ಟರು.

ಈಗ ಮೂವತ್ತೊಂದನೇ ನಂಬರಿಗೆ ಬರೋಣ. ಅದು ಇಬ್ಬರು ಅಕ್ಕತಂಗಿಯರ ಮನೆ: ಹನ್ನೊಂದರ ದೊಡ್ಡವಳು, ನಾಲ್ಕರ ಪುಟ್ಟಿ. ತಾಯಿ ತೀರಿಕೊಂಡು ನಾಲ್ಕು ವರ್ಷ. ತಂದೆ ಹಡಗಿನಲ್ಲಿ ಅಡುಗೆಯವನು. ರೋಗದ ಭಯಕ್ಕೆ ಯಾವ ಬಂದರಿನವರೂ ಇಳಿಸಿಕೊಳ್ಳದೆ ಹಡಗು ನಡುನೀರಲ್ಲಿ ನಿಂತುಬಿಟ್ಟಿತ್ತು. ಮಕ್ಕಳಿಗೆ ಇರುವವಳು ಒಬ್ಬಳೇ ಅಜ್ಜಿ. ಅವಳು ಎಂಥ ಅಜ್ಜಿ ಅಂತೀರಿ! ವರ್ಷಕ್ಕೊಮ್ಮೆ ಶಾಲೆಯ ಕಿಟಕಿಗೆ ಬಂದು ಹಾಜರಮ್ಮನ ಬೆವರಿಳಿಸಿ ಹೋಗುವುದು ಆಕೆಯ ಪದ್ಧತಿ. ಫೋನಿನಲ್ಲಂತೂ ಕೇಳುವುದೇ ಬೇಡ. ಆ ಸೋಮವಾರವೂ ಬೆಳಗ್ಗೆ ಹತ್ತಕ್ಕೆ ಹಾಜರಮ್ಮ ಉಸಿರು ಬಿಗಿಹಿಡಿದು ನಂಬರು ಒತ್ತಿದಳು.

"ಅಜ್ಜೀ, ನಾನು ಶಾಲೆಯಿಂದ..."

"ಗೊತ್ತು ಬಿಡು. ಸೋಮವಾರ ಆದ್ರೆ ಸಾಕು, ನೀನೇ ಬಡ್ಕೊಳ್ಳೋದು."

"ಮಕ್ಕಳು ಚೆನ್ನಾಗಿದಾರಾ?"

"ನೀನು ಫೋನ್ ಇಟ್ಟ ಮೇಲೆ ಇನ್ನೂ ಚೆನ್ನಾಗಿರ್ತಾರೆ."

"ಅಲ್ಲ, ಊಟ ತಿಂಡಿ, ಪಾಠ ಎಲ್ಲ..."

"ನನ್ನ ಮನೆ ನೆಲ ನಾನು ಗುಡಿಸ್ಕೊಳ್ತೀನಿ. ನಿನ್ನ ಮೂಗು ನೀನು ಒರೆಸ್ಕೋ ಹೋಗು!"

ಫೋನು ಕುಕ್ಕಿದ ಸದ್ದು. ಹಾಜರಮ್ಮ ಕರವಸ್ತ್ರ ತೆಗೆದು ನಿಜವಾಗಿಯೂ ಮೂಗು ಒರೆಸಿಕೊಂಡಳು. ಮೂವತ್ತೊಂದರ ಮುಂದೆ 'ಅಜ್ಜಿಯೊಂದಿಗೆ ಮಾತಾಡಿದೆ, ಕ್ಷೇಮ' ಎಂದು ಬರೆದಳು. ಬರೆಯುವಾಗ, ಇನ್ನು ಏಳು ದಿನ ಈ ಮಹಾತಾಯಿಯ ಗೊಡವೆಯಿಲ್ಲ ಎಂದು ಒಂಚೂರು ಹಗುರವಾಯಿತು ಎನ್ನುವುದನ್ನು ಅವಳು ಆಮೇಲೆ ತಾನೇ ಒಪ್ಪಿಕೊಂಡಿದ್ದಾಳೆ.

ಹನ್ನೊಂದಕ್ಕೆ ಸಭೆ. ಅಧ್ಯಕ್ಷರ ಮೂಕಭಾಷಣ ಮುಗಿದು ಪಟ್ಟಿ ಶುರುವಾಯಿತು. ಮೂವತ್ತೊಂದು ಬಂದಾಗ ಹಾಜರಮ್ಮ ತನ್ನ ಗುರುತು ಓದಿದಳು. ಠಾಣೆಯ ಪೇದೆ ತನ್ನದನ್ನು ಓದಿದ. ಅವನು ಆರಡಿ ಆಳು, ಮೀಸೆ ಮಾಸ್ಕಿನ ಎರಡೂ ಬದಿಗೆ ಹೊರಗೆ ಬರುತ್ತಿತ್ತು. "ಗುರುವಾರ ಭೇಟಿ ಕೊಟ್ಟಿದ್ದೇನೆ. ರಸ್ತೆಯಿಂದ ನೋಡಿದಾಗ ಅಜ್ಜಿ ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂತಿದ್ದು ಕಂಡಿದೆ. ಬಾಗಿಲು ತಟ್ಟಿದಾಗ ಒಳಗಿನಿಂದಲೇ ಬೈದಿದ್ದಾರೆ. ಕೂಗು ಜೋರಾಗಿದೆ, ಆರೋಗ್ಯ ಉತ್ತಮ."

"ಉತ್ತಮ," ಎಂದರು ಅಧ್ಯಕ್ಷರು. ಪಟ್ಟಿ ಮುಂದಕ್ಕೆ ಹೋಯಿತು.

ನಲವತ್ತಮೂರೂ ಮುಗಿದು ಆಸ್ಪತ್ರೆಯ ಸರದಿ ಬಂದಾಗ ಸಿಸ್ಟರ್ ಪರದೆಯ ಮೇಲೆ ಆಕಳಿಸುತ್ತಿದ್ದಳು. ರೋಗಿಗಳ ವಾರ್ಡಿನ ಮೇಲ್ವಿಚಾರಕಿ. ಹತ್ತೊಂಬತ್ತು ದಿನದಿಂದ ಒಂದು ದಿನವೂ ರಜೆ ಕಂಡಿರಲಿಲ್ಲ. "ಹೊಸಬರು ಆರು ಜನ. ಯಾರ ಮನೇಲೂ ಚಿಕ್ಕ ಮಕ್ಕಳಿಲ್ಲ," ಎಂದು ಓದಿದಳು. ಆಮೇಲೆ ನಗು ಬಂದು, "ಹದಿನೇಳನೇ ಹಾಸಿಗೆಯವರದ್ದೊಂದು ಹೇಳ್ಲೇಬೇಕು," ಎಂದಳು. "ಬಂದು ಮೂರು ವಾರ ಆಗ್ತಾ ಬಂತು. ಎರಡು ವಾರ ಪ್ರಜ್ಞೇನೇ ಸರಿಯಾಗಿ ಇರ್ಲಿಲ್ಲ. ಮನೇಲಿ ಯಾರೂ ಇಲ್ಲ ಅಂತ ಬಂದ ದಿನವೇ ಹೇಳಿದ್ರು. ಈಗ ಚೇತರಿಸ್ಕೊಂಡಿದಾರೆ. ಆಕ್ಸಿಜನ್ ಮಾಸ್ಕ್ ಹಾಕಿರೋದ್ರಿಂದ ಮಾತಾಡೋ ಹಾಗಿಲ್ಲ. ಅದಕ್ಕೆ ಏನ್ ಮಾಡ್ತಾರೆ ಗೊತ್ತಾ? ಚೀಟೀಲಿ ಬರೆದು ಬೈತಾರೆ!"

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು, ಮೈಕು ಇರಲಿಲ್ಲ, ಭುಜ ಕುಲುಕಿತು.

"ದಿನಕ್ಕೆ ಇಪ್ಪತ್ತು ಚೀಟಿ, 'ಯಾವಾಗ ಬಿಡ್ತೀರಿ' ಅಂತ. ಅಜ್ಜೀ, ಮನೇಲಿ ಯಾರೂ ಇಲ್ಲ ಅಂತೀರಿ, ಮತ್ತೆ ಏನವಸರ ಅಂತ ಇವತ್ತು ಬೆಳಗ್ಗೆ ಕೇಳಿದೆ. ಅದಕ್ಕೆ ಬಂದ ಉತ್ತರ ನೋಡಿ." ಸಿಸ್ಟರ್ ಜೇಬಿನಿಂದ ಚೀಟಿ ತೆಗೆದು ಕ್ಯಾಮೆರಾದ ಮುಂದೆ ಹಿಡಿದು ಓದಿದಳು. "'ನನ್ನ ಮನೆ ನೆಲ ನಾನು ಗುಡಿಸ್ಕೊಳ್ತೀನಿ. ನಿನ್ನ ಮೂಗು ನೀನು ಒರೆಸ್ಕೋ ಹೋಗು.'"

ಹಾಜರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. "ಅಯ್ಯೋ ದೇವರೇ, ನಮ್ಮೂರಲ್ಲಿ ಇಂಥವರು ಇನ್ನೊಬ್ಬರೂ ಇದಾರಾ! ಇವತ್ತು ಹತ್ತು ಗಂಟೆಗೆ ನಂಗೂ ಇದೇ ಮಾತು, ಇದೇ..."

ನಗು ಅಲ್ಲಿಗೇ ನಿಂತಿತು.

"ಸಿಸ್ಟರ್," ಎಂದಳು. "ಹದಿನೇಳನೇ ಹಾಸಿಗೆಯವರ ಹೆಸರೇನು?"

"ಹೆಸರು ಬೇಡ," ಎಂದರು ಅಧ್ಯಕ್ಷರು. ಈ ಸಲ ಮೈಕು ಸರಿಯಾಗಿ ಇತ್ತು. "ನಿಯಮ ಎಲ್ಲರಿಗೂ ಗೊತ್ತಿದೆ."

"ನಿಯಮ ಒಂದು ನಿಮಿಷ ಪಕ್ಕಕ್ಕಿಡಿ ಸಾರ್. ಸಿಸ್ಟರ್, ಎಡಗಡೆ ಹುಬ್ಬಿನ ಮೇಲೆ ದೊಡ್ಡ ನರೂಲಿ ಇದೆಯಾ?"

ಸಿಸ್ಟರ್ ಆಕಳಿಕೆ ಮರೆತಳು. "ಇದೆ," ಎಂದಳು.

ಪೇದೆ ಪರದೆಯ ಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಲ್ಲಾ ಮೇಡಂ, ಮೂವತ್ತೊಂದರ ಅಜ್ಜಿ ಆಸ್ಪತ್ರೇಲಿದ್ರೆ, ಗುರುವಾರ ನಾನು ಕಿಟಕೀಲಿ ನೋಡಿದ್ದು ಯಾರನ್ನ?"

ಮೂರು ವಾರ ಒಂದೇ ಸಭೆಯಲ್ಲಿ, ಹತ್ತು ನಿಮಿಷದ ಅಂತರದಲ್ಲಿ, ಒಬ್ಬಳೇ ಅಜ್ಜಿಯನ್ನು ಎರಡು ನಂಬರುಗಳಲ್ಲಿ ಓದಿ, ಎರಡೂ ಕಡೆ ಎಲ್ಲ ಸರಿಯಾಗಿದೆ ಎಂದು ಗುರುತು ಹಾಕಿದ್ದರು.

ಅರ್ಧ ಗಂಟೆಯಲ್ಲಿ ಹಾಜರಮ್ಮ ಮತ್ತು ಪೇದೆ ಆ ಮನೆಯ ಕೆಳಗಿದ್ದರು. ಕೆಳಗೆ ಬೀಗ ರಿಪೇರಿ ಮಾಡುವವನ ಅಂಗಡಿ, ಅದಕ್ಕೂ ಬೀಗ. ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು, ಮೇಲೆ ಒಂದು ಬಾಗಿಲು, ಒಂದು ಕಿಟಕಿ. ಕೊನೆಯ ಮೆಟ್ಟಿಲ ಮೇಲೆ ಸಮಿತಿಯವರು ವಾರಕ್ಕೊಮ್ಮೆ ಇಟ್ಟುಹೋಗುವ ದಿನಸಿ-ಮೊಟ್ಟೆಯ ರಟ್ಟಿನ ಡಬ್ಬ, ಖಾಲಿಯಾಗಿ ಮಡಚಿ ಇಟ್ಟಿತ್ತು. ಕಿಟಕಿಯಲ್ಲಿ ಶಾಲು ಹೊದ್ದ ಅಜ್ಜಿ ಬೆನ್ನು ಮಾಡಿ ಕೂತಿದ್ದಳು.

"ನೋಡಿ, ಇದಾರೆ!" ಎಂದ ಪೇದೆ, ಜೀವ ಬಂದವನಂತೆ.

ಹಾಜರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಎರಡು ದಿಂಬು, ಒಂದರ ಮೇಲೊಂದು. ಶಾಲಿನ ಕೆಳಗೆ ದಿಂಬಿನ ಚೀಲದ ನೀಲಿ ಅಂಚು ಕಾಣುತ್ತಿತ್ತು.

"ಗುರುವಾರ ಇದನ್ನೇ ನೋಡಿದ್ದಾ?"

"ಹೂಂ."

"ಮಾತಾಡಿಸಿದ್ರಾ?"

"ಸಲ್ಯೂಟ್ ಹೊಡೆದೆ," ಎಂದ ಪೇದೆ, ತೀರ ಸಣ್ಣ ದನಿಯಲ್ಲಿ. "ದಯವಿಟ್ಟು ಇದನ್ನ ವರದೀಲಿ ಬರೀಬೇಡಿ."

ಬಾಗಿಲು ತಟ್ಟಿದ ತಕ್ಷಣ ಒಳಗಿನಿಂದ ಸಿಡಿಲು ಬಿತ್ತು. "ಯಾರದು? ಬಾಗಿಲು ಮುರೀತೀಯಾ? ನಿಮ್ಮಪ್ಪ ಮಾಡಿಸಿದ ಬಾಗಿಲಾ ಇದು?" ಪೇದೆ ಎರಡು ಮೆಟ್ಟಿಲು ಕೆಳಗಿಳಿದ. ತಿಳಿದಿದ್ದೂ ಹಾಜರಮ್ಮನ ಕೈ ತಾನಾಗಿ ಮೂಗಿಗೆ ಹೋಯಿತು. ಅದೇ ಕಂಠ, ಅದೇ ಒರಟು, ಮಾತಿನ ಕೊನೆಗೆ ಅದೇ ಕೆಮ್ಮು. ಇಪ್ಪತ್ತಾರು ವರ್ಷದ ಕಿವಿ ಸೋತಿತ್ತು. ಕೋಪ ಬರಬೇಕಿತ್ತು. ಅದಕ್ಕೆ ಬದಲು, ಎಂಥಾ ಹುಡುಗಿಯಪ್ಪಾ ಎಂದು ಒಂದು ಗಳಿಗೆ ಹೆಮ್ಮೆಯೇ ಆಯಿತು.

"ಅಜ್ಜೀ, ಹಾಜರಮ್ಮ ಬಂದಿದೀನಿ. ಒಂಚೂರು ಮುಖ ತೋರ್ಸಿ."

"ಮೊಣಕಾಲು ನೋವು, ಏಳಕ್ಕಾಗಲ್ಲ. ಹೋಗು ಹೋಗು."

ಒಳಗಿನಿಂದ ಪುಟ್ಟಿಯ ಕಿಲಕಿಲ ಕೇಳಿಸಿತು. "ಅಕ್ಕಾ, ಪೊಲೀಸ್ ಮಾಮಂಗೆ ಬೈತೀಯಲ್ಲ, ಆ ತರ ಬೈಯಿ! ಇನ್ನೊಂದ್ಸಲ!"

"ಶ್!" ಎಂದಿತು ಹನ್ನೊಂದು ವರ್ಷದ ದನಿ. ಹಾಜರಮ್ಮ ಮೆಲ್ಲಗೆ ಮೆಟ್ಟಿಲ ಮೇಲೆ ಕೂತಳು. ಬಾಗಿಲಿಗೆ ಬಾಯಿ ಹತ್ತಿರ ಮಾಡಿ, ದಿನಾ ಕಿಟಕಿಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದಳು.

"ಮಗಾ, ಅಜ್ಜಿ ಆಸ್ಪತ್ರೇಲಿದಾರೆ. ನಂಗೆ ಗೊತ್ತಾಯ್ತು."

ಬಾಗಿಲ ಹಿಂದೆ ಹೆಜ್ಜೆ ಸಪ್ಪಳ ಹತ್ತಿರ ಬಂತು.

"ಹುಷಾರಾಗ್ತಿದಾರೆ."

"ಸುಳ್ಳು," ಎಂದಿತು ಒಳಗಿನ ದನಿ. ಈಗ ಅದು ಅಜ್ಜಿಯದೂ ಅಲ್ಲ, ಪೂರ್ತಿ ಹುಡುಗಿಯದೂ ಅಲ್ಲ. "ಬಾಗಿಲು ತೆಗೆಸೋಕೆ ಹಾಗಂತೀರ."

ಆಗ ಹಾಜರಮ್ಮನಿಗೆ ಹೊಳೆಯಿತು. ಆ ಹುಡುಗಿಗೆ ಅಜ್ಜಿ ಬದುಕಿದ್ದಾಳೋ ಇಲ್ಲವೋ ಎನ್ನುವುದೇ ಗೊತ್ತಿರಲಿಲ್ಲ. ಹತ್ತೊಂಬತ್ತು ದಿನ. ಆಸ್ಪತ್ರೆಗೆ ಫೋನು ಮಾಡಿ ಕೇಳಿದರೆ, ನೀನು ಯಾರು, ಜೊತೆಗೆ ಯಾರಿದ್ದಾರೆ ಎನ್ನುತ್ತಾರೆ. ಕೇಳದೇ ಇದ್ದುಬಿಟ್ಟಿದ್ದಳು. ಕೇಳದೆ, ಆ ದನಿಯಲ್ಲಿ ಊರಿಗೆಲ್ಲ ಬೈದುಕೊಂಡು, ತಂಗಿಗೆ ಮೊಟ್ಟೆ ಬೇಯಿಸಿಕೊಂಡು ಕೂತಿದ್ದಳು. ಹಾಜರಮ್ಮನ ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಸುಳ್ಳಲ್ಲ ಕಣೇ. ಮೂಗಿಗೆ ಮಾಸ್ಕ್ ಹಾಕಿದಾರೆ, ಮಾತಾಡಕ್ಕಾಗಲ್ಲ. ಸಿಸ್ಟರಿಗೆ ಚೀಟೀಲಿ ಬರೆದು ಬೈತಾರಂತೆ."

ದನಿ ಬಾಗಿಲಿಗೆ ಒತ್ತಿಕೊಂಡು ಕೇಳಿತು: "ಏನಂತ ಬೈದ್ರು?"

"'ನನ್ನ ಮನೆ ನೆಲ ನಾನು ಗುಡಿಸ್ಕೊಳ್ತೀನಿ, ನಿನ್ನ ಮೂಗು ನೀನು ಒರೆಸ್ಕೋ ಹೋಗು' ಅಂತ. ಇವತ್ತು ಬೆಳಗ್ಗೆ."

ಚಿಲಕ ಸರಿಯಿತು. ಸರಪಳಿ ಹಾಕಿದ್ದ ಬಾಗಿಲು ಅಂಗೈಯಗಲ ತೆರೆಯಿತು. ಸಂದಿಯಲ್ಲಿ ದೊಡ್ಡವಳ ಮುಖ ಕಂಡಿತು. ಕೂದಲು ಅಚ್ಚುಕಟ್ಟಾಗಿ ಬಾಚಿತ್ತು, ಬಾಗಿಲು ಹಿಡಿದ ಬೆರಳ ಮೇಲೆ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಮೆತ್ತಿತ್ತು. ಅವಳ ಸೊಂಟದ ಬಳಿ ಪುಟ್ಟಿಯ ತಲೆ. ಯಾರೋ ಕತ್ತರಿ ಹಿಡಿದು ಮುಂಗೂದಲು ಕತ್ತರಿಸಲು ಹೋಗಿ ಏಣಿಯೇಣಿ ಮಾಡಿದ್ದರು.

"ಬದುಕಿದಾರಾ?"

"ಬದುಕಿದಾರೆ. ಬೈತಿದಾರೆ ಅಂದ ಮೇಲೆ ಇನ್ನೇನು?"

ದೊಡ್ಡವಳು ಅಳಲಿಲ್ಲ. ತುಟಿ ಕಚ್ಚಿಕೊಂಡು ಎರಡು ಸಲ ತಲೆಯಾಡಿಸಿದಳು. ಆಮೇಲೆ ದೊಡ್ಡವರ ಹಾಗೆ ವ್ಯವಹಾರಕ್ಕಿಳಿದಳು. "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ. ಹಾಗಾದ್ರೆ ಸರಪಳಿ ತೆಗೀತೀನಿ."

ಹಾಜರಮ್ಮನಿಗೆ ಒಂದು ಸುಳ್ಳು ಹೇಳಿ ಮುಗಿಸಿಬಿಡುವುದು ಸುಲಭವಿತ್ತು. ಹಿಂದೆ ನಿಂತ ಪೇದೆ 'ಹೂಂ ಅನ್ನಿ, ಹೂಂ ಅನ್ನಿ' ಎಂದು ಕಣ್ಣಲ್ಲೇ ಗೋಗರೆಯುತ್ತಿದ್ದ.

"ಇಲ್ಲ ಮಗಾ," ಎಂದಳು. "ಆ ಮಾತು ಕೊಡಕ್ಕಾಗಲ್ಲ. ಹೇಳ್ಲೇಬೇಕು."

"ಹೇಳಿದ್ರೆ ಇಬ್ಬರನ್ನೂ ಬೇರೆ ಬೇರೆ ಕಡೆ ಹಾಕ್ತಾರೆ."

ಅವಳು ಹೇಳಿದ್ದು ಕಲ್ಪನೆಯಲ್ಲ. ನಾಲ್ಕು ವರ್ಷದ ಹಿಂದೆ, ತಾಯಿ ಸತ್ತಾಗ, ಅಜ್ಜಿಯ ಕಾಗದಪತ್ರ ಸರಿಹೋಗುವ ತನಕ ಹಾಗೇ ಆಗಿತ್ತು. ಆರು ವರ್ಷದ ಒಳಗಿನವರಿಗೆ ಒಂದು ಸರ್ಕಾರಿ ಬಾಲಮಂದಿರ, ಮೇಲಿನವರಿಗೆ ಒಂದು. ಆ ಎರಡು ತಿಂಗಳು ಹಾಜರಮ್ಮ ತನ್ನ ಪುಸ್ತಕದಲ್ಲಿ ಈ ಹುಡುಗಿಯ ಮುಂದೆ ಸಾಲಾಗಿ 'ಗೈರು' ಬರೆದಿದ್ದಳು, ಯಾಕೆಂದು ಕೇಳದೆ.

"ವಾಪಸ್ ಬಂದಾಗ ಪುಟ್ಟಿಗೆ ನನ್ನ ಗುರುತೇ ಸಿಗ್ಲಿಲ್ಲ," ಎಂದಳು ದೊಡ್ಡವಳು. "ಎತ್ಕೊಂಡ್ರೆ ಅತ್ಲು. ಅಜ್ಜಿ ಹೇಳಿ ಹೋಗಿದಾರೆ: ಯಾರು ಕೇಳಿದ್ರೂ ನಾನು ಮನೇಲೇ ಇದೀನಿ ಅನ್ನು ಅಂತ."

"ಸರಿ. ಹೇಳೋದು ನಿನ್ನ ಎದುರಿಗೇ ಹೇಳ್ತೀನಿ. ಒಂದೊಂದು ಮಾತೂ ನಿನಗೆ ಕೇಳಿಸ್ಬೇಕು. ನಿನ್ನ ಬೆನ್ನ ಹಿಂದೆ ಏನೂ ನಡಿಯಲ್ಲ. ಇಷ್ಟಕ್ಕೆ ಮಾತು ಕೊಡ್ತೀನಿ."

ಹುಡುಗಿ ಯೋಚಿಸಿದಳು. ಸರಪಳಿ ತೆಗೆಯಲಿಲ್ಲ, ಬಾಗಿಲು ಮುಚ್ಚಲೂ ಇಲ್ಲ.

ಹಾಜರಮ್ಮ ಮೆಟ್ಟಿಲ ಮೇಲೆಯೇ ಕೂತು ಸಮಿತಿಗೆ ಫೋನು ಹಚ್ಚಿ, ಸ್ಪೀಕರು ಹಾಕಿ, ಬಾಗಿಲ ಸಂದಿಗೆ ಆನಿಸಿ ಇಟ್ಟಳು. ನಡೆದದ್ದನ್ನೆಲ್ಲ ಹೇಳಿ, "ಸಾರ್, ಮಗು ಕೇಳಿಸ್ಕೊಳ್ತಿದೆ, ನೋಡ್ಕೊಂಡು ಮಾತಾಡಿ," ಎಂದಳು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಪುಟ ತಿರುವಿದ ಸದ್ದು. "ಪೋಷಕರಿಲ್ಲದ ಮನೆಯಲ್ಲಿ ಮಕ್ಕಳು ಇರತಕ್ಕದ್ದಲ್ಲ. ಆರು ವರ್ಷದೊಳಗಿನವರನ್ನು ಶಿಶುಮಂದಿರಕ್ಕೂ, ಮೇಲ್ಪಟ್ಟ ಹೆಣ್ಣುಮಕ್ಕಳನ್ನು ಬಾಲಿಕಾ ಮಂದಿರಕ್ಕೂ..."

ಬಾಗಿಲು ಚೂರು ಮುಚ್ಚಿಕೊಂಡಿತು. ಹಾಜರಮ್ಮ ಸಂದಿಗೆ ಕೈಯಿಟ್ಟಳು, ಬೆರಳು ಅಪ್ಪಚ್ಚಿಯಾಗುವುದರಲ್ಲಿತ್ತು.

"ಸಾರ್, ಪೂರ್ತಿ ಓದಿ."

"ಓದಿದೆನಲ್ಲ."

"ಮಂದಿರಕ್ಕೂ ಆದಮೇಲೆ ಏನಿದೆ? ಅಲ್ಲಿ ಪೂರ್ಣವಿರಾಮ ಇದೆಯಾ?"

ಮತ್ತೆ ಪುಟದ ಸದ್ದು. "ಇಲ್ಲ," ಎಂದರು ಅಧ್ಯಕ್ಷರು, ಆಶ್ಚರ್ಯದಿಂದ. "'ಅಥವಾ' ಅಂತ ಇದೆ. ಪುಟ ತಿರುವಬೇಕು." ಇಷ್ಟು ವರ್ಷ ಆ ನಿಯಮವನ್ನು ಬಾಯಿಪಾಠ ಹೇಳುತ್ತಿದ್ದವರು ಪುಟ ತಿರುವಿದ್ದು ಅದೇ ಮೊದಲಿರಬೇಕು. "ಅಥವಾ, ಪೋಷಕರ ಒಪ್ಪಿಗೆ ಇದ್ದಲ್ಲಿ, ಮಕ್ಕಳಿಗೆ ಪರಿಚಯವಿರುವ, ಸಮಿತಿ ಅನುಮೋದಿಸಿದ ವಯಸ್ಕರೊಬ್ಬರು ಮಕ್ಕಳ ಮನೆಯಲ್ಲೇ ವಾಸವಿದ್ದು ನೋಡಿಕೊಳ್ಳಬಹುದು." ಓದು ನಿಲ್ಲಿಸಿ ಕೇಳಿದರು, "ಅಂಥವರು ಯಾರಿದ್ದಾರೆ?"

"ನಾನಿರ್ತೀನಿ," ಎಂದಳು ಹಾಜರಮ್ಮ.

"ನಿಮ್ಮ ಮನೆ?"

"ನನ್ನ ಗಂಡ ಐವತ್ತೆಂಟು ವರ್ಷದ ವಯಸ್ಕರು ಸಾರ್. ಮೊಟ್ಟೆ ಬೇಯಿಸೋದು ಹನ್ನೊಂದು ವರ್ಷದವಳಿಗೆ ಬಂದ್ರೆ ಅವರಿಗೂ ಬರ್ಬೇಕು. ಬರದಿದ್ರೆ ಕಲೀತಾರೆ."

ಪೇದೆ ಮೆಟ್ಟಿಲಿನಿಂದಲೇ ಕೂಗಿದ: "ನಾನು ದಿನಾ ಎರಡು ಹೊತ್ತು ಬಂದು ನೋಡ್ತೀನಿ ಸಾರ್! ಒಳಗೇ ಬಂದು ನೋಡ್ತೀನಿ!"

"ಅನುಮೋದಿಸಿದೆ," ಎಂದರು ಅಧ್ಯಕ್ಷರು. ಆ ಮನುಷ್ಯ ಇಷ್ಟು ಬೇಗ ಯಾವುದನ್ನೂ ಅನುಮೋದಿಸಿದ್ದನ್ನು ಯಾರೂ ಕಂಡಿರಲಿಲ್ಲ. "ಆದರೆ ಪೋಷಕರ ಒಪ್ಪಿಗೆ ಬೇಕು. ಅವರ ಬಾಯಿಂದಲೇ. ಆ ಮಾತು ಮಾತ್ರ ಬಿಡುವ ಹಾಗಿಲ್ಲ."

ಹತ್ತು ನಿಮಿಷ ಕೊಡಿ ಎಂದು ಸಿಸ್ಟರ್ ಅದೇ ಕರೆಯಲ್ಲಿ ಹೇಳಿದಳು. ಪ್ಲಾಸ್ಟಿಕ್ ಉಡುಪು ಹಾಕಿಕೊಂಡು ವಾರ್ಡಿಗೆ ಹೋಗಬೇಕು, ವೈದ್ಯರನ್ನು ಕೇಳಬೇಕು. ವಾರ್ಡಿನೊಳಗೆ ಕ್ಯಾಮೆರಾ ಹಾಕುವಂತಿಲ್ಲ, ದನಿ ಮಾತ್ರ. ಮಾಸ್ಕು ಎರಡು ನಿಮಿಷ ತೆಗೆಯಬಹುದು, ಹೆಚ್ಚಿಲ್ಲ. ಆ ಹತ್ತು ನಿಮಿಷ ಪುಟ್ಟಿ ಸಂದಿಯಿಂದ ಕೈ ತೂರಿಸಿ ಹಾಜರಮ್ಮನ ಕನ್ನಡಕದ ದಾರ ಎಳೆಯುತ್ತಿದ್ದಳು. ದೊಡ್ಡವಳು ಫೋನನ್ನೇ ನೋಡುತ್ತಿದ್ದಳು.

ಫೋನು ಗರಗರ ಎಂದಿತು. ಯಂತ್ರದ ಸದ್ದು, ಸಿಸ್ಟರಿನ "ಮಾತಾಡಿ ಅಜ್ಜಿ, ಕೇಳಿಸ್ತಿದೆ ಅವರಿಗೆ," ಆಮೇಲೆ ಒಂದು ಉಸಿರು.

"ಊಟ ಆಯ್ತಾ, ಮಗಾ?"

ಕಾಗದ ಹರಿದಂಥ ತೆಳು ದನಿ. ದೊಡ್ಡವಳು ಹಿಂದಕ್ಕೆ ಸರಿದಳು. ಮುಖ ಬಿಳಿಚಿಕೊಂಡಿತು. "ಇದು ಅಜ್ಜಿ ಅಲ್ಲ," ಎಂದಳು. "ಅಜ್ಜಿ ಹೀಗೆ ಮಾತಾಡಲ್ಲ. ಇದ್ಯಾರೋ ಅಜ್ಜಿ ತರ ಮಾತಾಡ್ತಿದಾರೆ. ನಂಗೆ ಗೊತ್ತಾಗಲ್ವಾ?"

ಯಾರಿಗಾದರೂ ಗೊತ್ತಾಗುವುದಿದ್ದರೆ ಅವಳಿಗೇ ಗೊತ್ತಾಗಬೇಕು.

"ನಾನೇ ಕಣೇ," ಎಂದಿತು ಫೋನು. ಒಂದೊಂದು ಮಾತಿಗೂ ನಡುವೆ ಉಸಿರು. "ಬೈಯೋಕೆ... ಉಸಿರು ಸಾಲ್ತಿಲ್ಲ. ಅದಕ್ಕೇ ಮೆತ್ತಗೆ ಮಾತಾಡ್ತಿದೀನಿ."

ದೊಡ್ಡವಳು ಅಲುಗಾಡಲಿಲ್ಲ.

"ನನ್ನ ಬದಲು ನೀನೇ ಬೈದ್ಯಂತೆ. ಸಿಸ್ಟರ್ ಹೇಳಿದ್ಲು."

"ಹೂಂ."

"ಪೊಲೀಸಿಗೂ?"

"ಅವರಿಗೂ ಬೈದೆ."

ಆ ಕಡೆಯಿಂದ ಬಂದದ್ದು ಕೆಮ್ಮೋ ನಗುವೋ ಹೇಳುವುದು ಕಷ್ಟವಿತ್ತು. "ಸಾಕು ಮಗಾ. ಇನ್ನು ನೀನು ಬೈಬೇಡ. ಅಲ್ಲಿ ಆ ಹಾಜರಿಯವಳಿದಾಳಲ್ಲ, ಅವಳು ಇರ್ಲಿ. ಒಂದಕ್ಕೆ ನೂರು ಪ್ರಶ್ನೆ ಕೇಳ್ತಾಳೆ... ಆದ್ರೂ ಇರ್ಲಿ. ನೀನು ಸುಮ್ನೆ ಆಟ ಆಡ್ಕೊಂಡಿರು. ಅಳ್ಬೇಕು ಅನ್ಸಿದ್ರೆ ಅತ್ತುಬಿಡು."

ಸರಪಳಿ ಕಳಚಿ ಬಾಗಿಲಿಗೆ ಬಡಿಯಿತು. ದೊಡ್ಡವಳು ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹತ್ತೊಂಬತ್ತು ದಿನ ಹಿಡಿದಿಟ್ಟುಕೊಂಡಿದ್ದ ಅಳು; ಅದರಲ್ಲಿ ಯಾರ ನಕಲೂ ಇರಲಿಲ್ಲ. ಆರಡಿ ದೂರದ ನಿಯಮವನ್ನು ಅಕ್ಷರ ಅಕ್ಷರವಾಗಿ ಬಲ್ಲ ಹಾಜರಮ್ಮ ಅವಳನ್ನು ಬಾಚಿ ಮಡಿಲಿಗೆಳೆದುಕೊಂಡಳು. ಪೇದೆ ಗೋಡೆಯ ಕಡೆಗೆ ತಿರುಗಿ ನಿಂತ.

ಪುಟ್ಟಿ ಅಕ್ಕನನ್ನು ಬಗ್ಗಿ ನೋಡಿದಳು. ಅಕ್ಕ ಅಳುವುದನ್ನು ಅವಳು ಕಂಡೇ ಇರಲಿಲ್ಲ. ಫೋನಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ಚಾಡಿ ಹೇಳಿದಳು.

"ಅಜ್ಜೀ, ಅಕ್ಕ ಅಳ್ತಿದಾಳೆ."

"ಅಳ್ಲಿ ಬಿಡು," ಎಂದಿತು ಆ ಸಣ್ಣ ದನಿ. "ನಾನಿದೀನಲ್ಲ."